ಗೋರಿ ಬಿಸ್ಕತ್ತು ಮತ್ತು ಚಿಗಳಿ ಉಂಡೆ

ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ನಮ್ಮ ವಿಶಾಖಪಟ್ಟಣದ ಅಪಾರ್ಟ್‌ಮೆಂಟಿನಲ್ಲಿ ಎರಡು ಪಂಗಡ ಹುಟ್ಟಿಕೊಳ್ಳುತ್ತವೆ. ಒಂದು ಪಂಗಡಕ್ಕೆ ಹ್ಯಾಲೋವೀನ್ ಬೇಕು. ಮಕ್ಕಳಿಗೆ ಕಪ್ಪು ಅಂಗಿ ತೊಡಿಸಿ, ಮುಖಕ್ಕೆ ಬಿಳಿ ಬಣ್ಣ ಬಳಿದು, ತಲೆಬುರುಡೆ ಆಕಾರದ ಬಿಸ್ಕತ್ತು, ಮೇಲೆ ಜೇಡ ಕೂತಿರುವ ಕಪ್‌ಕೇಕು ಹಂಚಬೇಕು. ಇನ್ನೊಂದು ಪಂಗಡ 'ಇದು ನಮ್ಮ ಸಂಸ್ಕೃತಿ ಅಲ್ಲ, ದೆವ್ವ ಭೂತಗಳನ್ನು ಮನೆಗೆ ಕರೆಯೋದು ಅಪಶಕುನ, ಕೂಡಲೇ ನಿಲ್ಲಿಸಿ' ಅಂತ ವಾಟ್ಸಾಪಿನಲ್ಲಿ ಉದ್ದುದ್ದ ಸಂದೇಶ ಕಳಿಸುತ್ತದೆ. ಸಂಘದ ಮೀಟಿಂಗಿನಲ್ಲಿ ಕೂಗಾಟವೂ ಆಗುತ್ತದೆ. ನಾನು ಎರಡೂ ಪಂಗಡದಲ್ಲಿಲ್ಲ. ಇಬ್ಬರ ಮೇಲೂ ನನಗೆ ಸಿಟ್ಟಿದೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ನಾನು ಲೆಕ್ಕದ ಮನುಷ್ಯ. ತುಮಕೂರಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. ಮೊದಲು ವಿಜಯವಾಡ, ಆಮೇಲೆ ವಿಶಾಖಪಟ್ಟಣ ಅಂತ ಆಂಧ್ರದಲ್ಲೇ ಮೂವತ್ತು ವರ್ಷ ಕಳೆದುಹೋಯಿತು. ನಾನು ಸೇರಿದ ಬ್ಯಾಂಕಿನ ಹೆಸರೇ 2020ರ ಏಪ್ರಿಲ್ 1ರ ವಿಲೀನದಲ್ಲಿ ಅಳಿಸಿಹೋಯಿತು, ಆದರೆ ಖರ್ಚಿನ ಬಾಬ್ತು ಯಾವುದು, ಜಮೆ ಯಾವುದು ಅಂತ ನೋಡುವ ಚಾಳಿ ಮಾತ್ರ ಹೋಗಲಿಲ್ಲ. ಈ ಹಬ್ಬದ ಲೆಕ್ಕವನ್ನೂ ಹಾಗೇ ನೋಡೋಣ ಅಂತ.

ಮೊದಲು 'ನಮ್ಮದಲ್ಲ' ಅನ್ನುವವರ ಹತ್ತಿರ ಬರೋಣ. ಸ್ವಾಮಿ, ಕಾಯಿಯ ಮೇಲೆ ರಾಕ್ಷಸನ ಮುಖ ಬರೆಯೋದು ನಮ್ಮದಲ್ಲವೇ? ನೀವು ಹೊಸ ಮನೆ ಕಟ್ಟಿಸುವಾಗ ಮುಂದುಗಡೆ ನೇತುಹಾಕಿದ ಬೂದುಗುಂಬಳಕಾಯಿಯ ಮೇಲೆ ಕೋರೆಹಲ್ಲು, ಕೆಂಪು ನಾಲಿಗೆ, ಉರಿಗಣ್ಣು ಬರೆಸಿದ್ದು ಯಾರು? ಆಯುಧಪೂಜೆ ದಿನ ಬ್ಯಾಂಕಿನ ಬಾಗಿಲಲ್ಲಿ ನಾವೇ ಕುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುತ್ತೇವೆ, ಮೆಟ್ಟಿಲ ಮೇಲೆ ರಕ್ತ ಚೆಲ್ಲಿದ ಹಾಗೇ ಕಾಣುತ್ತದೆ. ಯಾವ ಗ್ರಾಹಕನೂ ಹೆದರಿ ಖಾತೆ ಮುಚ್ಚಿಸಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದದ್ದು ನೆನಪಿದೆಯಾ? ಇಲ್ಲಿ ಆಂಧ್ರದಲ್ಲೂ ಗೋಡೆಗಳ ಮೇಲೆ 'ಓ ಸ್ತ್ರೀ ರೇಪು ರಾ' ಅಂತ ಬರೆದಿದ್ದರು. ಅದನ್ನು ಯಾವ ಅಮೆರಿಕದವನೂ ಬಂದು ಕಲಿಸಿರಲಿಲ್ಲ.

ಇನ್ನು ಕಥೆಗಳು. ಆಷಾಢದ ಭೀಮನ ಅಮಾವಾಸ್ಯೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅದರ ಕಥೆ ಏನು? ದುಡ್ಡಿನ ಆಸೆಗೆ ಹುಡುಗಿಯೊಬ್ಬಳನ್ನು ಸತ್ತ ರಾಜಕುಮಾರನಿಗೆ, ಅಂದರೆ ಹೆಣಕ್ಕೆ ಕೊಟ್ಟು ಮದುವೆ ಮಾಡುತ್ತಾರೆ. ಸುಡಲು ನದಿ ದಡಕ್ಕೆ ಒಯ್ದಾಗ ಮಳೆ ಬಂದು ಎಲ್ಲರೂ ಓಡಿಹೋಗುತ್ತಾರೆ. ಕತ್ತಲಲ್ಲಿ ಹೆಣದ ಪಕ್ಕ ಒಬ್ಬಳೇ ಕೂತ ಆ ಹುಡುಗಿ ಮಣ್ಣಿನಲ್ಲಿ ದೀಪದ ಕಂಬ ಮಾಡಿ, ಮಣ್ಣಿನಲ್ಲೇ ಕಡುಬು ಮಾಡಿ ಪೂಜೆ ಮಾಡುತ್ತಾಳೆ, ಗಂಡ ಎದ್ದು ಕೂರುತ್ತಾನೆ. ಯಾವ ಇಂಗ್ಲಿಷ್ ದೆವ್ವದ ಸಿನಿಮಾದಲ್ಲಿ ಇದಕ್ಕಿಂತ ಎದೆ ನಡುಗಿಸುವ ಸನ್ನಿವೇಶ ಇದೆ ಹೇಳಿ! ಆ ಕಥೆ ಕೇಳಿದ ಮೇಲೆ ಕಾಸು ಹುದುಗಿಸಿಟ್ಟ ಕಡುಬನ್ನು ಹೊಸ್ತಿಲ ಮೇಲಿಟ್ಟು ಅಣ್ಣ ತಮ್ಮಂದಿರು ಮೊಣಕೈಯಲ್ಲಿ ಗುದ್ದಿ ಭಂಡಾರ ಒಡೆಯುತ್ತಿದ್ದೆವು. ಹಿಟ್ಟು ನಾದಲು, ಕಾಸು ಮುಚ್ಚಿಡಲು ನಮ್ಮನ್ನೇ ಕೂರಿಸುತ್ತಿದ್ದರು. ಕಥೆಯ ಹೆದರಿಕೆ, ಹಿಟ್ಟಿನ ಆಟ, ಕಾಸಿನ ಆಸೆ ಮೂರೂ ಒಟ್ಟಿಗೇ ಸಿಗುತ್ತಿತ್ತು.

ಹಾಗಾದರೆ ಹ್ಯಾಲೋವೀನ್ ಅನ್ನೋದು ಎಲ್ಲಿಂದ ಬಂತು? ಅದೂ ಆಕಾಶದಿಂದ ಉದುರಿದ್ದಲ್ಲ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, 2 ಸತ್ತ ಎಲ್ಲ ಆತ್ಮಗಳ ದಿನ. ಇದರ ಮುನ್ನಾ ರಾತ್ರಿ ಅಕ್ಟೋಬರ್ 31. ಹಳೇ ಕಾಲದ ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ ಬಡವರು, ಮಕ್ಕಳು ಮನೆಮನೆಗೆ ಹೋಗಿ ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು, ಮನೆಯವರು ಅವರಿಗೆ ಸಣ್ಣ ಸಿಹಿ ರೊಟ್ಟಿ ಕೊಡುತ್ತಿದ್ದರು. ಅದಕ್ಕೆ 'ಆತ್ಮದ ಕೇಕು' ಅಂತಲೇ ಹೆಸರು. ಐರ್ಲೆಂಡ್, ಸ್ಕಾಟ್ಲೆಂಡಿನವರು ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು, 19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಸಿಹಿಕುಂಬಳ ಹೇರಳವಾಗಿ ಸಿಕ್ಕಿತು, ಅದನ್ನು ಕೊರೆದರು. ಅಂದರೆ ಈ ಹಬ್ಬದ ಬುಡದಲ್ಲಿ ಇದ್ದದ್ದು ಸತ್ತವರ ಹೆಸರಿನಲ್ಲಿ ಮನೆಯಲ್ಲಿ ಮಾಡಿದ ಒಂದು ತುತ್ತು. ನಮ್ಮ ಮಹಾಲಯದ ಎಡೆಗೂ ಇದಕ್ಕೂ ಏನು ಅಷ್ಟು ದೂರ? ನಾವು ಕಾಗೆಗೆ ಇಡ್ತೀವಿ, ಅವರು ಪಕ್ಕದ ಮನೆ ಮಗುವಿಗೆ ಇಟ್ಟರು.

ಈಗ ಇನ್ನೊಂದು ಪಂಗಡದ ಸರದಿ. ನಿಮ್ಮ ಹಬ್ಬದಲ್ಲಿ ಆ ತುತ್ತು ಎಲ್ಲಿದೆ?

2023ರ ಮೇ ತಿಂಗಳಲ್ಲಿ ನಮ್ಮಮ್ಮ ವಿಶಾಖಪಟ್ಟಣದ ನಮ್ಮ ಮನೆಯಲ್ಲೇ ತೀರಿಕೊಂಡರು. ಎಂಬತ್ನಾಲ್ಕು ವರ್ಷ, ತುಂಬು ಬಾಳು. ನನ್ನ ಮಗಳು ವಿಜಯವಾಡದಲ್ಲಿದ್ದಾಳೆ, ತೆಲುಗು ಮನೆತನಕ್ಕೆ ಕೊಟ್ಟಿದ್ದೇವೆ. ಅವಳ ಮಗನಿಗೆ ಆಗ ಐದು ವರ್ಷ. ಅಮ್ಮ ಅಂದರೆ ಅವನಿಗೆ ಪ್ರಾಣ, 'ದೊಡ್ಡಜ್ಜಿ' ಅಂತ ಸೆರಗು ಹಿಡಿದು ಓಡಾಡುತ್ತಿದ್ದ. ಆದರೆ ಆ ಹದಿಮೂರು ದಿನದಲ್ಲಿ ಮಗುವನ್ನು ಮನೆಗೆ ಕರೆತರಲಿಲ್ಲ. 'ಹೆದರಿಕೊಳ್ತಾನಪ್ಪಾ, ಡಾಕ್ಟರೂ ಅದೇ ಹೇಳ್ತಾರೆ, ಸಣ್ಣ ಮಕ್ಕಳ ಮನಸ್ಸಿಗೆ ಒಳ್ಳೇದಲ್ಲ' ಅಂದಳು ಮಗಳು. ನಾನು ಬೇಡ ಕರ್ಕೊಂಡು ಬಾ ಅಂತ ಎಷ್ಟು ಹೇಳಿದರೂ ಉಳಿದ ನೆಂಟರೂ ಅವಳ ಮಾತಿಗೇ ತಾಳ ಹಾಕಿದರು. ವೈಕುಂಠ ಸಮಾರಾಧನೆಯ ಒಡೆ ಪಾಯಸ ಡಬ್ಬದಲ್ಲಿ ವಿಜಯವಾಡಕ್ಕೆ ಹೋಯಿತು. ದೊಡ್ಡಜ್ಜಿ ಎಲ್ಲಿ ಅಂದರೆ 'ತುಮಕೂರಿಗೆ ಹೋಗಿದಾರೆ' ಅಂತ ಮಗುವಿಗೆ ಹೇಳಿಯಾಯಿತು.

ಐದು ತಿಂಗಳು ಕಳೆದು ಅಕ್ಟೋಬರ್ ಕೊನೆ ಬಂತು. ಆಡಿಟ್ ಕೆಲಸದ ಮೇಲೆ ನಾನು ವಿಜಯವಾಡದಲ್ಲಿದ್ದೆ. ಮಗುವಿನ ಶಾಲೆಯಿಂದ ಸೂಚನೆ: ಹ್ಯಾಲೋವೀನ್ ಪ್ರಯುಕ್ತ ಪ್ರತಿ ಮಗುವೂ 'ಸ್ಪೂಕಿ ಟ್ರೀಟ್' ತರಬೇಕು, ಅಪ್ಪ ಅಮ್ಮ ಮಗುವಿನ ಜೊತೆ ಸೇರಿ ಮನೆಯಲ್ಲೇ ಬೇಯಿಸಬೇಕು, ಬೇಯಿಸುವ ಫೋಟೋ ಕಳಿಸಬೇಕು. ಮಗಳು, ಅಳಿಯ ಇಬ್ಬರೂ ಮನೆ ಮುಟ್ಟುವುದು ರಾತ್ರಿ ಎಂಟಕ್ಕೆ. ಒಲೆ ಉಂಟು, ಓವನ್ ಇಲ್ಲ. ಸರಿ, ಬೇಕರಿಯಿಂದ ಇಪ್ಪತ್ನಾಲ್ಕು ಬಿಸ್ಕತ್ತಿನ ಡಬ್ಬ ಬಂತು, ಸಾವಿರದ ಇನ್ನೂರು ರೂಪಾಯಿ. ಬಾದಾಮಿಯ ಉಗುರು ಅಂಟಿಸಿದ ಕತ್ತರಿಸಿದ ಬೆರಳು, ಕಣ್ಣುಗುಡ್ಡೆ, ಮತ್ತೆ ಚಾಕಲೇಟಿನ ಗೋರಿಕಲ್ಲು. ಆಮೇಲೆ ಮಗುವಿಗೆ ಏಪ್ರನ್ ಕಟ್ಟಿ, ಮೂಗಿನ ಮೇಲೆ ಒಂದು ಚಿಟಿಕೆ ಮೈದಾ ಹಚ್ಚಿ, ಡಬ್ಬದ ಬಿಸ್ಕತ್ತುಗಳನ್ನು ತಟ್ಟೆಗೆ ಸುರಿದು ಫೋಟೋ ತೆಗೆದರು. ಮಗಳ ಸ್ನೇಹಿತೆಯರೂ ಹೀಗೇ ಮಾಡಿದರಂತೆ. ಟೀಚರಿಗೂ ಗೊತ್ತಂತೆ!

ಮಗು ಗೋರಿಯ ಬಿಸ್ಕತ್ತು ಎತ್ತಿಕೊಂಡು ನನ್ನ ಹತ್ತಿರ ಬಂದ.

'ತಾತಾ, ಇದ್ರ ಮೇಲೆ ಏನೋ ಬರ್ದಿದೆ.'

'ಆರ್.ಐ.ಪಿ. ಅಂತ. ಸತ್ತವರ ಗೋರಿ ಮೇಲೆ ಬರೀತಾರೆ ಕಂದ.'

ಒಂದು ಕ್ಷಣ ಅದನ್ನೇ ನೋಡಿದ. 'ದೊಡ್ಡಜ್ಜಿದೂ ಇದ್ಯಾ?'

ಅಡಿಗೆಮನೆಯಲ್ಲಿ ಮಗಳ ಕೈ ನಿಂತಿತು. ಅವನಿಗೆ ಯಾರೂ ಹೇಳಿರಲಿಲ್ಲ, ಆದರೆ ಅವನಿಗೆ ಎಲ್ಲ ಗೊತ್ತಿತ್ತು. ಐದು ತಿಂಗಳು ಆ ಮಗು ಒಬ್ಬನೇ ಅದನ್ನು ಇಟ್ಟುಕೊಂಡಿದ್ದ.

ನನ್ನ ಜಗಳ ಇರೋದು ಇಲ್ಲಿ. ಮನೆಯಲ್ಲಿ ನಿಜವಾಗಿ ಸಾವಾದಾಗ ಮಗು ಹೆದರುತ್ತದೆ ಅಂತ ದೂರ ಇಡುತ್ತೇವೆ. ಭೀಮನ ಅಮಾವಾಸ್ಯೆಯ ಕಥೆ 'ನೆಗೆಟಿವ್' ಅಂತ ಹೇಳುವುದು ಬಿಡುತ್ತೇವೆ. ಆಮೇಲೆ ಅದೇ ಮಗುವಿಗೆ ಸಾವಿರದ ಇನ್ನೂರು ಕೊಟ್ಟು ಗೋರಿ ಕೊಂಡು ತಂದು 'ತಿನ್ನು, ತಮಾಷೆ' ಅನ್ನುತ್ತೇವೆ. ಒಂದು ಕಡೆ ಅಸಲನ್ನು ಬಚ್ಚಿಡುವುದು, ಇನ್ನೊಂದು ಕಡೆ ನಕಲನ್ನು ಹಂಚುವುದು. ಬ್ಯಾಂಕಿನಲ್ಲಿ ಈ ಕೆಲಸ ಮಾಡಿದರೆ ಅದಕ್ಕೊಂದು ಹೆಸರಿದೆ, ಸಸ್ಪೆಂಡ್ ಮಾಡುತ್ತಾರೆ.

ಮಕ್ಕಳಿಗೆ ಹೆದರಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು! ದೊಡ್ಡವರ ತೊಡೆಗೆ ಅಂಟಿಕೊಂಡು, ಕೈಯಲ್ಲಿ ಏನೋ ಕೆಲಸ ಇಟ್ಟುಕೊಂಡು, ಕೊನೆಗೆ ಬಾಯಿಗೆ ಸಿಹಿ ಬೀಳುವ ಹಾಗೆ ಹೆದರಬೇಕು. ಹಿಟ್ಟು ಕಲಸುವಾಗ ಮಕ್ಕಳು ಕೇಳುವ ಪ್ರಶ್ನೆಗಳನ್ನು ಬೇರೆ ಹೊತ್ತಿನಲ್ಲಿ ಕೇಳುವುದಿಲ್ಲ. ಕೈಗೆ ಕೆಲಸ ಇದ್ದಾಗ ಬಾಯಿ ಬಿಡುತ್ತಾರೆ, ಎದುರಿಗೆ ಕೂರಿಸಿಕೊಂಡು 'ನಿನ್ನ ಮನಸ್ಸಲ್ಲಿ ಏನಿದೆ ಹೇಳು' ಅಂದರೆ ಯಾವ ಮಗು ಹೇಳುತ್ತೆ? ಶಾಲೆಯ ಆ ಸೂಚನೆಯಲ್ಲಿ ಒಳ್ಳೆಯದು ಇದ್ದದ್ದು ಅದೊಂದೇ: ಮಗುವಿನ ಜೊತೆ ಸೇರಿ ಮಾಡಿ ಅನ್ನುವ ಮಾತು. ಫೋಟೋ ಕೇಳಿ ಅದನ್ನೂ ಕೆಡಿಸಿದರು. ಫೋಟೋ ಸಾಕು ಅಂದಮೇಲೆ ಅಡಿಗೆ ಯಾಕೆ ಬೇಕು?

ಮುಂದಿನ ವರ್ಷ ಏನಾಯಿತು ಅನ್ನೋದನ್ನೂ ಹೇಳಿಬಿಡ್ತೀನಿ. 2024ರ ಸೆಪ್ಟೆಂಬರ್ 1ರಂದು ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರ್ ಕಡೆಯ ಬಡಾವಣೆಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಜನ ಮಾಳಿಗೆ ಮೇಲೆ, ದೋಣಿಯಲ್ಲಿ ಹಾಲು, ಅನ್ನದ ಪೊಟ್ಟಣ. ಮಗಳ ಮನೆ ಇರುವ ಕಡೆ ನೀರು ಬರಲಿಲ್ಲ, ಆದರೆ ಟಿವಿಯಲ್ಲಿ ಬೆಳಗಿನಿಂದ ಅದೇ. ಮರುದಿನ, ಅಂದರೆ 2ನೇ ತಾರೀಕು, ಶ್ರಾವಣದ ಅಮಾವಾಸ್ಯೆ. ಕರಾವಳಿ ಆಂಧ್ರದಲ್ಲಿ ಅದು ಪೋಲಾಲ ಅಮಾವಾಸ್ಯೆ. ತಾಯಂದಿರು ಮಕ್ಕಳ ಆಯಸ್ಸಿಗಾಗಿ ಕಂದದ ಗಿಡಕ್ಕೆ, ಅಂದರೆ ಸುವರ್ಣಗಡ್ಡೆಯ ಗಿಡಕ್ಕೆ, ಅರಿಶಿನದ ಕೊಂಬು ಕಟ್ಟಿ ಪೋಲೇರಮ್ಮನನ್ನು ಪೂಜಿಸುತ್ತಾರೆ. ನೈವೇದ್ಯಕ್ಕೆ ಗಾರೆಲು, ಬೂರೆಲು. ನಮ್ಮ ಉದ್ದಿನ ವಡೆಯೇ ಗಾರೆ, ಹೂರಣ ತುಂಬಿ ಕರಿದ ಉಂಡೆ ಬೂರೆ.

ನಮ್ಮ ಬೀಗಿತ್ತಿ ಹಳೇ ಕಾಲದ ಗಟ್ಟಿ ಹೆಂಗಸು. ಆ ದಿನ ಟಿವಿ ಆರಿಸಿದರು. ಮೊಮ್ಮಗನನ್ನು ಅಡಿಗೆಮನೆಯಲ್ಲಿ ಕೂರಿಸಿ, ಹೂರಣದ ಉಂಡೆ ಕಟ್ಟಲು ಕೊಟ್ಟು, ಕಥೆ ಶುರು ಮಾಡಿದರು. ಪ್ರತಿ ವರ್ಷ ಇದೇ ಅಮಾವಾಸ್ಯೆಯ ದಿನ ಮಗು ಸತ್ತುಹೋಗುವ ಒಬ್ಬ ತಾಯಿ. ನಿನ್ನಿಂದ ನಮ್ಮ ಹಬ್ಬ ಕೆಡುತ್ತದೆ ಅಂತ ಓರಗಿತ್ತಿಯರ ಬೈಗುಳ. ಒಂದು ವರ್ಷ ಅವಳು ಸತ್ತ ಮಗುವನ್ನು ಒಳಗೆ ಬಚ್ಚಿಟ್ಟು, ಏನೂ ಆಗದವಳ ಹಾಗೆ ಹಬ್ಬದ ಕೆಲಸ ಮಾಡಿ, ಕತ್ತಲಾದ ಮೇಲೆ ಹೆಣವನ್ನು ಹೆಗಲ ಮೇಲೆ ಹೊತ್ತು ಊರಾಚೆ ಹೋಗುತ್ತಾಳೆ. ಅಲ್ಲಿ ಪೋಲೇರಮ್ಮ ಎದುರಾಗಿ ಯಾಕಮ್ಮ ಅಳ್ತೀಯ ಅಂತ ಕೇಳುತ್ತಾಳೆ. ಕೊನೆಗೆ ಸತ್ತ ಮಕ್ಕಳೆಲ್ಲ ಎದ್ದು ಬರುತ್ತಾರೆ. ಹೇಳುವವರ ಬಾಯಲ್ಲಿ ವಿವರ ಸ್ವಲ್ಪ ಹೆಚ್ಚು ಕಮ್ಮಿ ಆಗುತ್ತದೆ, ಆದರೆ ಕಥೆ ಇದೇ.

ಮಗಳಿಗೆ ಎದೆ ಡವಡವ ಅಂತೆ. ಹುಡುಗ ಮಾತ್ರ ಉಂಡೆ ಕಟ್ಟುತ್ತಾ ಕೇಳಿದನಂತೆ, 'ನಾಯನಮ್ಮಾ, ನಿಜವಾಗ್ಲೂ ಸತ್ತವರು ಎದ್ದು ಬರ್ತಾರಾ?' ಬೀಗಿತ್ತಿ 'ಇಲ್ಲಪ್ಪ, ಕಥೆಯಲ್ಲಿ ಬರ್ತಾರೆ. ನಿಜವಾಗಿ ಬರೋದಿಲ್ಲ. ಅದಕ್ಕೇ ಈ ಕಥೆ ಮಾಡಿಟ್ಟಿದಾರೆ' ಅಂದರಂತೆ. 'ದೊಡ್ಡಜ್ಜಿ ಬರಲ್ಲ' ಅಂದ. 'ಬರಲ್ಲ' ಅಂದರು ಅವರು. ಸ್ವಲ್ಪ ಅತ್ತ. ಆಮೇಲೆ ಬೂರೆ ಮೂರು ತಿಂದ. ರಾತ್ರಿ ಬೆಚ್ಚಿಬೀಳಲಿಲ್ಲ, ಜ್ವರ ಬರಲಿಲ್ಲ. ಒಂದು ವರ್ಷ ನಾಲ್ಕು ತಿಂಗಳು ಯಾರೂ ಹೇಳದಿದ್ದ ಮಾತನ್ನು ಎಂಟನೇ ಕ್ಲಾಸಿನ ಮೇಲೆ ಓದದ ಆ ಹೆಂಗಸು ಹೂರಣದ ಪಾತ್ರೆಯ ಪಕ್ಕ ಕೂತು ಹೇಳಿ ಮುಗಿಸಿದರು.

ಈಗ ಕೆಲವರು ಹೇಳಬಹುದು, 'ಸಾರ್, ನಮಗೆಲ್ಲಿ ಟೈಮು? ಸಣ್ಣ ಮಕ್ಕಳನ್ನು ಒಲೆ ಹತ್ತಿರ ಬಿಡೋಕಾಗತ್ತಾ?' ನ್ಯಾಯವಾದ ಪ್ರಶ್ನೆ. ಅದಕ್ಕೂ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ನಮ್ಮ ಶ್ರಾವಣದ ನಾಗರಪಂಚಮಿ ನೋಡಿ. ಆ ದಿನ ಹೆಂಚು ಇಡಬಾರದು, ಕರಿಯಬಾರದು, ಚಾಕು ಈಳಿಗೆಮಣೆ ಮುಟ್ಟಬಾರದು, ನೆಲ ಅಗೆಯಬಾರದು, ನಾಗಪ್ಪನಿಗೆ ನೋವಾಗುತ್ತದೆ. ನಂಬಿಕೆ ಏನಾದರೂ ಇರಲಿ, ಇದರ ಅರ್ಥ ಏನಾಯಿತು? ಬೆಂಕಿ ಇಲ್ಲ, ಚೂಪಾದ್ದು ಇಲ್ಲ. ಮೂರು ವರ್ಷದ ಮಗುವೂ ಕೂತು ಕೆಲಸ ಮಾಡಬಹುದಾದ ಅಡಿಗೆಮನೆ! ನೆನೆಸಿ ಆರಿಸಿದ ಅಕ್ಕಿಯ ಹಿಟ್ಟಿಗೆ ಬೆಲ್ಲ ಹಾಕಿ ನಾದಿದರೆ ಹಸಿ ತಂಬಿಟ್ಟು. ಎಳ್ಳು, ಬೆಲ್ಲ ಕುಟ್ಟಿ ಉಂಡೆ ಕಟ್ಟಿದರೆ ಚಿಗಳಿ.

ಆಂಧ್ರಕ್ಕೆ ಬಂದ ಹೊಸತರಲ್ಲಿ ಪಕ್ಕದ ಮನೆಯವರು ದೀಪಾವಳಿ ಮುಗಿದ ನಾಲ್ಕನೇ ದಿನ ಕಾರ್ತಿಕದ ನಾಗುಲ ಚವಿತಿಗೆ ತಂದುಕೊಟ್ಟ ಎಲೆ ಬಿಚ್ಚಿ ನೋಡಿದರೆ ಅದೇ ಎರಡು. ಇಲ್ಲಿ ತಂಬಿಟ್ಟಿಗೆ ಚಲಿಮಿಡಿ, ಚಿಗಳಿಗೆ ಚಿಮ್ಮಿಲಿ ಅಂತ ಹೆಸರು. ದೀಪಾವಳಿ ರಾತ್ರಿ ಗೋಗು ಕಡ್ಡಿಗೆ (ನಮ್ಮ ಪುಂಡಿ ಗಿಡದ್ದು) ಬಟ್ಟೆ ಸುತ್ತಿ ಹಚ್ಚಿ ಮಕ್ಕಳು ಕೂಗುವ ಕೂಗಿನಲ್ಲೂ ಮುಂದೆ ಬರುವ ನಾಗುಲ ಚವಿತಿಯ ಹೆಸರಿದೆ. ವಿಶಾಖಪಟ್ಟಣದಲ್ಲಿ ಆ ದಿನ ಜನ ಇಂದಿರಾಗಾಂಧಿ ಮೃಗಾಲಯದ ಆವರಣದ ಹುತ್ತಗಳಿಗೂ ಹಾಲೆರೆಯಲು ಹೋಗುತ್ತಾರೆ. ಪುಟ್ಟ ಮಕ್ಕಳು ಕೈಯಲ್ಲಿ ಹಾಲಿನ ಲೋಟ ಹಿಡಿದು ಕತ್ತಲೆ ಬಿಲದೊಳಗೆ ಬಗ್ಗಿ ನೋಡುವ ಮುಖ ನೋಡಬೇಕು ನೀವು. ಹಾವು ಬರುತ್ತದಾ, ಬರಲ್ಲವಾ! ಬೇಕರಿಯ ಪ್ಲಾಸ್ಟಿಕ್ ಜೇಡ ಆ ಮುಖ ತರಿಸಲಾರದು. 2025ರಲ್ಲಿ ನಾಗುಲ ಚವಿತಿ ಬಿದ್ದದ್ದು ಅಕ್ಟೋಬರ್ 25ಕ್ಕೆ, ಹ್ಯಾಲೋವೀನಿಗೆ ಆರೇ ದಿನ ಮುಂಚೆ.

ಲೆಕ್ಕವನ್ನೂ ಕೇಳಿ. ಕಾಲು ಕೆ.ಜಿ. ಎಳ್ಳು, ಇನ್ನೂರು ಗ್ರಾಂ ಬೆಲ್ಲ, ಎರಡು ಏಲಕ್ಕಿ. ಇಪ್ಪತ್ನಾಲ್ಕು ಸಣ್ಣ ಉಂಡೆಗೆ ನೂರು ರೂಪಾಯಿ ಮುಟ್ಟುವುದಿಲ್ಲ. ಎಳ್ಳನ್ನು ಹಿಂದಿನ ರಾತ್ರಿಯೇ ಹುರಿದಿಟ್ಟರೆ ಮುಕ್ಕಾಲು ಗಂಟೆಯ ಕೆಲಸ. ಕಪ್ಪು ಬೇಕಾ? ಕರಿ ಎಳ್ಳಿಗಿಂತ ಕಪ್ಪು ಯಾವುದಿದೆ? ಕೆಂಪಿಗೆ ಬೀಟ್‌ರೂಟ್ ರಸ, ಕುಂಬಳದ ಬಣ್ಣಕ್ಕೆ ಅರಿಶಿನ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಗೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧಿಸಿತು, ಪರೀಕ್ಷೆಗೆ ಕಳಿಸಿದ ಮಿಠಾಯಿಯಲ್ಲಿ ರೋಡಮಿನ್-ಬಿ ಸಿಕ್ಕಿತ್ತು. ಬೇಕರಿಯಿಂದ ಬಂದ ಆ ಡಬ್ಬದ ಮೇಲೆ ಕಡುಗಪ್ಪು, ಕಡುಗೆಂಪು ಯಾವುದರಿಂದ ಬಂತು ಅಂತ ಒಂದಕ್ಷರ ಬರೆದಿರಲಿಲ್ಲ. ಕೇಳುವವರೂ ಇರಲಿಲ್ಲ.

ದೇವರ ನೈವೇದ್ಯಕ್ಕೆ ಇಟ್ಟದ್ದರಲ್ಲಿ ಆಟ ಆಡಬಾರದು ಅನ್ನುವವರು ಮೊದಲೇ ಒಂದು ಪಾಲು ಬೇರೆ ತೆಗೆದಿಡಿ. ಉಳಿದ ಹಿಟ್ಟಿನಲ್ಲಿ ಮಗು ನಾಗಪ್ಪನನ್ನು ಮಾಡಲಿ, ಬೇತಾಳನನ್ನು ಮಾಡಲಿ, ಇಂಗ್ಲಿಷ್ ಪುಸ್ತಕದ ದೆವ್ವವನ್ನೇ ಮಾಡಲಿ. ನನ್ನ ಅಭ್ಯಂತರ ಏನೂ ಇಲ್ಲ. ಮಕ್ಕಳ ಕೈಗೆ ಯಾವ ದೇಶದ ದೆವ್ವವಾದರೂ ಒಂದೇ.

ಹಾಗಾಗಿ ಶಾಲೆಯವರಿಗೆ ನನ್ನದು ಇಷ್ಟು ಮಾತು. ಹ್ಯಾಲೋವೀನ್ ಮಾಡಿ, ಆದರೆ ಮನೆಗೆ ಸೂಚನೆ ಕಳಿಸಬೇಡಿ, ಫೋಟೋ ಕೇಳಬೇಡಿ. ಎರಡು ಕೆ.ಜಿ. ಹಿಟ್ಟು, ಒಂದು ಅಚ್ಚು ಬೆಲ್ಲ ಕ್ಲಾಸಿಗೇ ತರಿಸಿ, ಯಾವುದಾದರೂ ಮಗುವಿನ ಅಜ್ಜಿಯನ್ನು ಕರೆಸಿ, ಕೈ ತೊಳೆಸಿ ಕೂರಿಸಿ. ಅಜ್ಜಿಗೆ ಕಥೆ ಹೇಳಲು ಬಿಡಿ, 'ಸ್ವಲ್ಪ ಪಾಸಿಟಿವ್ ಆಗಿ ಹೇಳಿ ಮೇಡಂ' ಅಂತ ನಡುವೆ ಬಾಯಿ ಹಾಕಬೇಡಿ. ಎಳ್ಳು ಆಗದ ಮಕ್ಕಳಿದ್ದಾರಾ ಅಂತ ಮುಂಚೆಯೇ ವಿಚಾರಿಸಿಕೊಂಡರೆ ಸಾಕು.

ಸಂಸ್ಕೃತಿ ಕಾಯುವ ಮಹನೀಯರಿಗೂ ಒಂದು ಪ್ರಶ್ನೆ. ಕಳೆದ ಯುಗಾದಿಗೆ ನಿಮ್ಮ ಮನೆಯ ಒಬ್ಬಟ್ಟು ಎಲ್ಲಿಂದ ಬಂತು? ಸ್ವೀಟ್ ಅಂಗಡಿಯಿಂದ ಬಂದಿದ್ದರೆ, ನಿಮಗೂ ಬೇಕರಿ ಡಬ್ಬ ತಂದವರಿಗೂ ಡಬ್ಬದ ಬಣ್ಣದಲ್ಲಿ ಮಾತ್ರ ವ್ಯತ್ಯಾಸ. ಮೊದಲು ನಿಮ್ಮ ಮೊಮ್ಮಕ್ಕಳ ಕೈಗೆ ಹಿಟ್ಟು ಅಂಟಿಸಿ, ಆಮೇಲೆ ಬೇರೆಯವರ ಹಬ್ಬ ನಿಲ್ಲಿಸುವ ಸಂದೇಶ ಕಳಿಸುವಿರಂತೆ.

ಅಪ್ಪ ಅಮ್ಮಂದಿರಿಗೆ ಹೇಳೋದು ಮಾತ್ರ ಸ್ವಲ್ಪ ಕಷ್ಟದ್ದು. ಮನೆಯಲ್ಲಿ ಸಾವಾದರೆ ಮಗುವಿಗೆ ಹೇಳಿ. ತಿಥಿಯ ದಿನ ಮಡಿ ಅಂತ ಒಳಗೆ ಬಿಡದಿದ್ದರೆ ಬೇಡ, ಮಾಳಿಗೆ ಮೇಲೆ ಕಾಗೆ ಕರೆಯಲು ಜೊತೆಗೆ ಕರೆದುಕೊಂಡು ಹೋಗಿ. ಎಳ್ಳು, ಅಕ್ಕಿ ಯಾಕೆ ಅಂತ ಕೇಳುತ್ತದೆ, ಹೇಳಿ. ಚಿಗಳಿ ತಂಬಿಟ್ಟಿಗೆ ಹಾಕುವುದೂ ಅದೇ ಎಳ್ಳು, ಅದೇ ಅಕ್ಕಿ. ಮಗು ಅದನ್ನು ತಾನಾಗಿಯೇ ಗಮನಿಸುತ್ತದೆ ನೋಡಿ, ನಮ್ಮ ಹುಡುಗ ಗಮನಿಸಿದ.

ಈ ಸಲ ನಾಗರಪಂಚಮಿಗೆ ಅವನು ವಿಶಾಖಪಟ್ಟಣಕ್ಕೆ ಬರುತ್ತಾನಂತೆ. ಅಮ್ಮನ ಕಬ್ಬಿಣದ ಹಾರೆ, ಒರಳು ಈ ಫ್ಲ್ಯಾಟಿನಲ್ಲಿಲ್ಲ, ಮಿಕ್ಸಿಯಲ್ಲೇ ತಿರುಗಿಸಬೇಕು. ಮಿಕ್ಸಿಯನ್ನು ಒಂದು ಸುತ್ತಿನ ಮೇಲೆ ಓಡಿಸಬಾರದು, ಎಳ್ಳು ಎಣ್ಣೆ ಬಿಟ್ಟುಬಿಡುತ್ತದೆ. ಅಮ್ಮ ಅದನ್ನು ಎಷ್ಟೋ ಸಲ ಹೇಳಿದ್ದರು, ನಿಮಗೂ ಹೇಳಿದ್ದೀನಿ.